ಬಶೀರ್ ಸರ್ ಮತ್ತು ಗುಡ್ಡದ ದಾರಿಯ ಆರು ಹುಡುಗಿಯರು

ಬಶೀರ್ ಸರ್ ಚಪ್ಪಾಳೆ ತಟ್ಟದೆ ಯಾವ ತಿರುವನ್ನೂ ದಾಟಿದವರಲ್ಲ. ವರಾಂಡದ ಮೂಲೆ ಬಂದರೆ ಮೂರು ಚಪ್ಪಾಳೆ. ನೀರಿನ ಟಾಕಿಯ ಹಿಂದೆ ಹೋಗಬೇಕಾದರೆ ಮೂರು ಚಪ್ಪಾಳೆ. ಸ್ಟಾಫ್ ರೂಮಿನ ಬಾಗಿಲು ತಳ್ಳುವ ಮುಂಚೆ ಮೂರು ಚಪ್ಪಾಳೆ, ಮೇಲೊಂದು ಕೆಮ್ಮು. ಗಂಗಾವತಿಯಲ್ಲಿ ಅವರ ಹೆಂಡತಿಯ ಕಡೆಯ ಮದುವೆಯೊಂದರಲ್ಲಿ ಅಡುಗೆ ಮನೆಯ ಸಂದಿಯಲ್ಲಿ ಹಾಗೇ ತಟ್ಟಿದರಂತೆ. ಬೀಗರು ಊಟಕ್ಕೆ ಅವಸರ ಮಾಡುತ್ತಿದ್ದಾರೆಂದು ತಿಳಿದ ಅಡುಗೆಯವರು ಅರೆಬೆಂದ ಬಿರಿಯಾನಿಯನ್ನೇ ಒಲೆಯಿಂದ ಇಳಿಸಿಬಿಟ್ಟರಂತೆ. ಈ ಕತೆಯನ್ನು ನಮಗೆ ಹೇಳಿದವರು ಹಿಂದಿ ಟೀಚರು. ಬಶೀರ್ ಸರ್ ಪಕ್ಕದಲ್ಲೇ ನಿಂತು ನಗುತ್ತ ಕೇಳಿಸಿಕೊಂಡರು, ಸುಳ್ಳು ಎನ್ನಲಿಲ್ಲ.

ಕೇಳಿದರೆ ಅವರಲ್ಲಿ ಉತ್ತರ ತಯಾರಿತ್ತು. "ಎದುರಿಗಿದ್ದದ್ದಕ್ಕ ನಾವು ಬರಾಕತ್ತೀವಿ ಅಂತ ಖಬರ್ ಇರಬೇಕವ್ವಾ. ಮನಷ್ಯಾ ಆಗ್ಲಿ, ಕರಡಿ ಆಗ್ಲಿ, ಒಮ್ಮಿಗಿಲೆ ಎದುರು ಬಿದ್ರ ಅಂಜಿ ಮೈಮ್ಯಾಲೆ ಬರ್ತೈತಿ. ಅದರ ತಪ್ಪಲ್ಲ ಅದು."

ಅವರು ನಮಗೆ ವಿಜ್ಞಾನದ ಮಾಸ್ತರರು. ಅಂಜುಬುರುಕರು ಎಂದರೆ ಅಂಜುಬುರುಕರೇ, ನಾನೇನೂ ಮುಚ್ಚಿಡುವುದಿಲ್ಲ. ನಡೆದು ಬರುವಾಗಲೂ ಹೆಲ್ಮೆಟ್ ತಲೆಯ ಮೇಲಿರುತ್ತಿತ್ತು. ಪ್ರಯೋಗ ಮಾಡಿಸುವಾಗ ಸ್ಪಿರಿಟ್ ದೀಪ ಹಚ್ಚಿ ತಾವು ನಾಲ್ಕು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ಪಾಠ ಹೇಳುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ಮುನಿರಾಬಾದಿಗೆ ಡ್ಯಾಮು ತೋರಿಸಲು ಕರೆದೊಯ್ದಾಗ ಎತ್ತು ಕಟ್ಟುವ ಉದ್ದನೆಯ ಹಗ್ಗ ತಂದಿದ್ದರು. ಇಡೀ ತರಗತಿ ಆ ಹಗ್ಗ ಹಿಡಿದೇ ನಡೆಯಬೇಕು. ಬೇರೆ ಶಾಲೆಯ ಮಕ್ಕಳು ಹಲ್ಲು ಕಿರಿದು ನೋಡುತ್ತಿದ್ದರೆ ನಮಗೆ ಭೂಮಿಯೊಳಗೆ ಇಳಿದು ಹೋಗುವಷ್ಟು ನಾಚಿಕೆ. ಸರ್ ಮಾತ್ರ ನೀರನ್ನು ನೋಡಲೇ ಇಲ್ಲ. ಅವರು ನಮ್ಮ ತಲೆಗಳನ್ನು ನೋಡುತ್ತಿದ್ದರು, ಎಣಿಸುತ್ತಿದ್ದರು, ಮುಗಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು.

ನಮ್ಮದು ಗಂಗಾವತಿ ತಾಲ್ಲೂಕಿನ ಬಂಡೆಗುಡ್ಡಗಳ ನಡುವಿನ ಸಣ್ಣ ಊರು. ಹೈಸ್ಕೂಲಿಗೆ ಗುಡ್ಡದ ಬುಡ ಬಳಸಿಕೊಂಡು ಪಂಚಾಯಿತಿ ಇರುವ ದೊಡ್ಡ ಊರಿಗೆ ಹೋಗಬೇಕು. ಮುಕ್ಕಾಲು ತಾಸಿನ ದಾರಿ, ಎರಡೂ ಕಡೆ ಜಾಲಿಯ ಕಂಟಿ. ನಮ್ಮೂರಿನಿಂದ ಆ ವರ್ಷ ಹತ್ತನೇ ತರಗತಿಗೆ ಹೋಗುತ್ತಿದ್ದವರು ಆರು ಹುಡುಗಿಯರು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು ರೇಣುಕಾ. ನನ್ನ ಬೆಂಚಿನವಳು, ಗಣಿತದಲ್ಲಿ ಹುಡುಗರನ್ನೂ ಅಳಿಸುವವಳು. ಅವಳ ಹಿಂದೆ ನಾನು, ನನ್ನ ಹಿಂದೆ ಉಳಿದ ನಾಲ್ವರು.

ಕರಡಿ ನಮಗೆ ಹೊಸದಾಗಿರಲಿಲ್ಲ. ಸೀತಾಫಲ ಹಣ್ಣಾಗುವ ಕಾಲಕ್ಕೆ ಬಂಡೆಗಳ ಮೇಲೆ ಕರ್ರಗೆ ಕೂತದ್ದನ್ನು ದೂರದಿಂದ ಎಲ್ಲರೂ ನೋಡಿದವರೇ. ದಾರಿಯ ತಿರುವಿನಲ್ಲಿ ಗುಡ್ಡದವ್ವನ ಗುಡಿ ಇದೆ. ಮಂಗಳವಾರ, ಶುಕ್ರವಾರ ಕಾಯಿ ಒಡೆದವರು ಒಂದು ಹೋಳನ್ನು ಕರಡಿಗೆಂದು ಬಂಡೆಯ ಮೇಲೆ ಇಟ್ಟು ಹೋಗುವುದು ವಾಡಿಕೆ. ಹರಕೆ ದೊಡ್ಡದಿದ್ದರೆ ಜೊತೆಗೊಂದು ಬೆಲ್ಲದ ತುಣುಕು. ಬೆಳಗಾಗುವುದರೊಳಗೆ ಹೋಳು ಖಾಲಿಯಾಗಿ, ದೀಪದ ಎಣ್ಣೆ ನೆಕ್ಕಿದಂತಿದ್ದರೆ ಅವ್ವ ಒಪ್ಪಿಕೊಂಡಳು ಎಂದು ಅರ್ಥ. ಇತ್ತೀಚೆಗೆ ಕೊಪ್ಪಳದ ಕಡೆಯಿಂದಲೂ ಜನ ಫೋನು ಹಿಡಿದುಕೊಂಡು ಇದನ್ನು ನೋಡಲು ಬರುತ್ತಿದ್ದರು. ರಸ್ತೆಯ ಧಾಬಾದವರು ಉಳಿದ ಅನ್ನ, ಎಲುಬು ಎಲ್ಲವನ್ನೂ ಗುಡಿಯ ಹಿಂದಿನ ಕಲ್ಲುಗಣಿಯ ಗುಂಡಿಗೆ ಸುರಿಯುತ್ತಿದ್ದರು. ನಾವು ಅದೇ ತಿರುವಿನಲ್ಲಿ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದೆವು.

ಶೇಂಗಾ ಕೀಳುವ ಹೊತ್ತಿನಲ್ಲಿ, ಬೆಳಗು ಹರಿಯುವ ಮುಂಚೆ, ನಮ್ಮೂರಿನ ದುರುಗಪ್ಪಜ್ಜ ತಂಬಿಗೆ ಹಿಡಿದು ಗುಡಿಯ ಕಡೆ ಹೋದವನು ಕರಡಿಗೆ ಎದುರು ಬಿದ್ದ. ಜೀವ ಉಳಿಯಿತು. ಒಂದು ಕಣ್ಣು ಮತ್ತು ಕೆನ್ನೆಯ ಅರ್ಧ ಉಳಿಯಲಿಲ್ಲ. ಅಂದು ನಾವು ಆ ದಾರಿಯಲ್ಲಿ ಹೋದಾಗ ಅವನ ರುಮಾಲು ಜಾಲಿಯ ಮುಳ್ಳಿಗೆ ಸಿಕ್ಕಿಕೊಂಡಿತ್ತು. ರೇಣುಕಾ ಅದನ್ನು ಬಿಡಿಸಲು ಹೋಗಿ, ಒದ್ದೆಯಾಗಿದ್ದನ್ನು ಕಂಡು, ಕೈ ಹಿಂದೆಳೆದುಕೊಂಡಳು.

ಆ ವಾರವೇ ಶಾಲೆಯಲ್ಲಿ ಬೆಳಗಿನ ಆರೂವರೆಗೆ ವಿಶೇಷ ತರಗತಿ ಶುರುವಾಗಿತ್ತು. ಫಲಿತಾಂಶ ಹೆಚ್ಚಬೇಕಲ್ಲ. ಆರೂವರೆಗೆ ಅಲ್ಲಿರಬೇಕೆಂದರೆ ನಾವು ಕತ್ತಲಲ್ಲೇ ಮನೆ ಬಿಡಬೇಕು. ದುರುಗಪ್ಪಜ್ಜನ ಸುದ್ದಿ ಹೇಳಿದಾಗ ಬಶೀರ್ ಸರ್ ಕೈಯಲ್ಲಿದ್ದ ಸೀಮೆಸುಣ್ಣವನ್ನು ಪುಡಿ ಮಾಡುತ್ತ ನಿಂತರು. ಪಾಠ ಆಗಲಿಲ್ಲ. ಮರುದಿನ ನಾವು ತಿರುವಿಗೆ ಬರುವಷ್ಟರಲ್ಲಿ ಗುಡಿಯ ಹತ್ತಿರ ಹಾರ್ನು ಕೇಳಿಸಿತು, ಬಿಟ್ಟೂ ಬಿಡದೆ. ಬೆಳಗಿನ ಫಜರ್ ನಮಾಜು ಮುಗಿಸಿ ಸರ್ ಗಂಗಾವತಿಯಿಂದ ಹಳೆಯ ಗಾಡಿಯಲ್ಲಿ ಬಂದು ನಿಂತಿದ್ದರು. ಹೆಲ್ಮೆಟ್ ತಲೆಯ ಮೇಲೆ, ಒಂದು ಕೈಯಲ್ಲಿ ಬ್ಯಾಟರಿ. ಮುಖ ನಮಗಿಂತ ಹೆಚ್ಚು ಬಿಳುಚಿಕೊಂಡಿತ್ತು.

"ಒಂದ್, ಎರಡ್, ಮೂರ್… ಆರ್. ನಡೀರವ್ವಾ, ಜಲ್ದಿ ನಡೀರಿ. ಮಾತಾಡ್ಕೊಂತ ನಡೀರಿ, ಸುಮ್ನ ನಡೀಬ್ಯಾಡ್ರಿ."

ಅಂದಿನಿಂದ ದಿನಾ ಬಂದರು. ಅಂಜುವ ಮನುಷ್ಯ ಅಂಜಿಕೆಯ ಜಾಗಕ್ಕೇ ದಿನಾ ಬಂದು ನಿಲ್ಲುವುದು ಎಂಥ ಕಷ್ಟದ ಕೆಲಸ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾವು ಅವರ ಹಾರ್ನನ್ನು ಅಣಕಿಸಿ ನಗುತ್ತಿದ್ದೆವು.

ಹುಡುಗರದು ಒಂದೇ ಹಟ. ಅರಣ್ಯ ಇಲಾಖೆಗೆ ಅರ್ಜಿ ಬರೆಯೋಣ, ಬೋನು ಇಟ್ಟು ಹಿಡಿದುಕೊಂಡು ಹೋಗಲಿ ಎಂದು. ಸರ್ ತಲೆಯಾಡಿಸಿದರು. "ಇದನ್ನ ಹಿಡ್ಕೊಂಡು ಹೋದ್ರ ಇನ್ನೊಂದು ಬರ್ತೈತಿ. ಉಣ್ಣಾಕ ಇಟ್ಟು ಕರದಾವ್ರು ನಾವ. ಕರಿಯೋದು ಬಿಡೂನು ಅಂತ ಊರ ಮಂದಿ ಕೂಡಿ ಠರಾವು ಮಾಡಬೇಕು. ಅರ್ಜಿ ಪಂಚಾಯ್ತಿಗೆ ಬರೀರಿ."

ಹಾಗೆ ನಮ್ಮ ಅರ್ಜಿ ಹುಟ್ಟಿತು. ಗುಡಿಯ ಕಾಯಿ, ಬೆಲ್ಲ, ಎಣ್ಣೆಯನ್ನು ಹೊತ್ತು ಮುಳುಗುವ ಮುಂಚೆ ಎತ್ತಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಗುಂಡಿಗೆ ಧಾಬಾದ ಮುಸುರೆ ಸುರಿಯುವಂತಿಲ್ಲ. ದಾರಿಯ ಎರಡೂ ಕಡೆ ಜಾಲಿ ಕಡಿಸಬೇಕು. ಬಿಸಿಲು ಬೀಳುವ ಮುಂಚೆ ಶಾಲೆಗೆ ಕರೆಸಬಾರದು. ರೇಣುಕಾ ತನ್ನ ಗುಂಡನೆಯ ಅಕ್ಷರದಲ್ಲಿ ಬರೆದಳು, ನಾವೆಲ್ಲ ಸಹಿ ಹಾಕಿದೆವು.

ಬರೀ ಅರ್ಜಿ ಸಾಲದು, ಕಣ್ಣಿಗೆ ಹೊಡೆಯುವಂಥದ್ದು ಬೇಕು ಎಂದರು ಸರ್. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬಿಳಿ ಬೆನ್ನು ಮೇಲೆ ಮಾಡಿ ಅಂಟಿಸಿ ರೇಣುಕಾ ನಕ್ಷೆ ಬರೆದಳು. ಗುಡ್ಡ, ಗುಡಿ, ಗುಂಡಿ, ದಾರಿ, ಎರಡೂ ಊರು. ಕರಡಿ ಕಂಡ ಜಾಗಕ್ಕೆಲ್ಲ ಒಂದೊಂದು ಕೆಂಪು ಟಿಕಳಿ, ಹೆಂಗಸರು ಹಣೆಗೆ ಹಚ್ಚಿಕೊಳ್ಳುತ್ತಾರಲ್ಲ ಅದೇ. ಮನೆಮನೆಗೆ ಹೋಗಿ ಕೇಳಿದೆವು. ಕರಡಿ ಎಂದು ಬಾಯಿ ತೆಗೆದರೆ ಸಾಕು, ಎಲ್ಲರಿಗೂ ಹೇಳಲು ಒಂದು ಕತೆ ಇತ್ತು. ಒಬ್ಬಳು ಕಂಡದ್ದನ್ನು ಅವಳ ನೆಗೆಣ್ಣಿ ಹೇಳಿದಳು, ನೆಗೆಣ್ಣಿಯಿಂದ ಕೇಳಿದ್ದನ್ನು ಪಕ್ಕದ ಮನೆಯವಳು ಹೇಳಿದಳು. ನಾವು ಮೂರು ಟಿಕಳಿ ಹಚ್ಚಿದೆವು. ಒಂದು ಪಾಕೀಟು ಮುಗಿದು ಇನ್ನೊಂದು ತಂದೆವು.

ರೇಣುಕಾಳಿಗೆ ಮಾತ್ರ ಸಮಾಧಾನವಿರಲಿಲ್ಲ. "ಸರ್, ಹಿಂಗ ಹಚ್ಚಿದ್ರ ಒಂದ ಕರಡಿ ಹತ್ತು ಆಗ್ತಾವ್ರಿ. ತಾಯಿ ಒಂದು, ಮರಿ ಒಂದು. ಅದಾವು ಎರಡ ನೋಡ್ರಿ."

ಸರ್ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಇರ್ಲಿ ಬಿಡವ್ವಾ. ಕಡಿಮಿ ಕಂಡ್ರ ಯಾರೂ ಕಿವಿ ಮ್ಯಾಲೆ ಹಾಕ್ಕೊಳ್ಳಂಗಿಲ್ಲ. ಹೆಚ್ಚ ಕಾಣ್ಲಿ."

ಗ್ರಾಮಸಭೆ ನಡೆದದ್ದು ಪಂಚಾಯಿತಿ ಕಟ್ಟಡದ ಮುಂದಿನ ಬೇವಿನ ಗಿಡದ ಕೆಳಗೆ. ಎರಡೂ ಊರಿನ ಜನ ತುಂಬಿದ್ದರು. ನಮ್ಮ ಅಪ್ಪಂದಿರೂ ಬಂದಿದ್ದರು. ನಕ್ಷೆಯನ್ನು ಗೋಡೆಗೆ ತೂಗುಹಾಕಿ ರೇಣುಕಾ ಅರ್ಜಿ ಓದಿದಳು. ಧ್ವನಿ ಒಂದಿಷ್ಟೂ ನಡುಗಲಿಲ್ಲ. ನಡುಗುತ್ತಿದ್ದವರು ಹಿಂದೆ ನಿಂತಿದ್ದ ಬಶೀರ್ ಸರ್.

ಗುಡಿಯ ಪೂಜಾರಿ ಎದ್ದ. "ಅವ್ವನ ಕರಡಿಗೆ ಬೀಗ ಹಾಕಂತೀರೇನು? ಎಂದಾದ್ರೂ ಕೇಳಿದ ಮಾತೇನ್ರಿ ಇದು?"

"ಕರಡಿಗಲ್ಲ ಅಜ್ಜಾ, ಕಾಯಿಗೆ," ಎಂದಳು ರೇಣುಕಾ. ಸಭೆಯೆಲ್ಲ ನಕ್ಕಿತು, ಪೂಜಾರಿಯೂ ನಕ್ಕ. ದುರುಗಪ್ಪಜ್ಜ ಮುಂದಿನ ಸಾಲಿನಲ್ಲಿ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕೂತಿದ್ದ. ಅವನ ಎದುರು ಯಾರಿಗೂ ಹೆಚ್ಚು ವಾದ ಮಾಡುವ ಧೈರ್ಯ ಬರಲಿಲ್ಲ. ಅಧ್ಯಕ್ಷೆ ಠರಾವು ಬರೆಸಿದರು, ನಾವು ಕೇಳಿದ್ದೆಲ್ಲವನ್ನೂ. ಹೆಡ್ ಮಾಸ್ತರು ಅಲ್ಲೇ ಎದ್ದು ತರಗತಿಯ ವೇಳೆ ಬದಲಿಸುವುದಾಗಿ ಹೇಳಿದರು. ನಾವು ಒಬ್ಬರ ಕೈ ಒಬ್ಬರು ಹಿಂಡಿಕೊಂಡೆವು.

ಆಗ ರೇಣುಕಾಳ ಅಪ್ಪ ಹನುಮಪ್ಪ ಎದ್ದು ನಕ್ಷೆಯ ಹತ್ತಿರ ಬಂದು ನಿಂತ. ಓದಲು ಬರುತ್ತಿರಲಿಲ್ಲ ಅವನಿಗೆ. ಟಿಕಳಿ ನೋಡಲು ಓದು ಬೇಕಿರಲಿಲ್ಲ. ದಾರಿಯುದ್ದಕ್ಕೂ ಬೆರಳು ಆಡಿಸಿದ, ತಿರುವಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಕೆಂಪು ಬಿಟ್ಟು ಕಾಗದವೇ ಕಾಣುತ್ತಿರಲಿಲ್ಲ.

"ಇಷ್ಟು ಅದಾವಂತ ನನಗ ಗೊತ್ತಿರಲಿಲ್ರಿ," ಎಂದ. "ಇಷ್ಟರಾಗ ನನ್ನ ಮಗಳನ್ನ ಕಳಸಾಕತ್ತಿದ್ದೆ. ನಾಳಿಂದ ಆಕಿ ಸಾಲಿಗೆ ಬರಂಗಿಲ್ಲ."

ಸರ್ ಓಡಿ ಬಂದರು. "ಹಂಗಲ್ರಿ ಹನುಮಪ್ಪನವ್ರ, ಅವೆಲ್ಲಾ ಬ್ಯಾರೆ ಬ್ಯಾರೆ ಕರಡಿ ಅಲ್ರಿ. ಒಂದನ್ನ ಹತ್ತು ಮಂದಿ ನೋಡ್ಯಾರ…" ಅವರ ಮಾತು ಯಾರಿಗೂ ಬೇಕಿರಲಿಲ್ಲ. ನಮ್ಮೂರಿನ ಗಂಡಸರೆಲ್ಲ ಒಬ್ಬೊಬ್ಬರೇ ಎದ್ದು ನಕ್ಷೆಯ ಮುಂದೆ ಹೋಗಿ ನಿಂತರು. ಮಾರನೇ ದಿನ ಆರೂ ಮಂದಿ ಮನೆಯಲ್ಲಿದ್ದೆವು. ತಿರುವಿನಲ್ಲಿ ಹಾರ್ನು ಬಹಳ ಹೊತ್ತು ಕೇಳಿಸುತ್ತಿತ್ತು. ನಾನು ರೊಟ್ಟಿ ಬಡಿಯುತ್ತ ಅಳುತ್ತಿದ್ದೆ.

ಸಂಜೆ ಸರ್ ನಮ್ಮೂರಿಗೇ ಬಂದರು. ಓಣಿಯ ಪ್ರತಿ ತಿರುವಿನಲ್ಲೂ ಚಪ್ಪಾಳೆ ತಟ್ಟುತ್ತ ಬಂದರು. ಮಕ್ಕಳು ಹಿಂದೆ ಹಿಂದೆ ಅಣಕಿಸುತ್ತ ಬಂದವು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದರು. ನಮ್ಮಪ್ಪ ಒರಟನಲ್ಲ, ಮೆಲ್ಲಗೇ ಕೇಳಿದ. "ಸರ್, ಕರಡಿ ಅದಾವು ಅಂತ ಹೇಳಿದಾವ್ರು ನೀವ. ಈಗ ಕಳಸ್ರಿ ಅನ್ನಾವ್ರೂ ನೀವ. ನಾವು ಯಾವ ಮಾತು ನಂಬೂನು?"

"ಎರಡೂ ಖರೆ ಅದಾವ್ರಿ," ಎಂದರು ಸರ್.

ಮರುದಿನ ಶಾಲೆಯಲ್ಲಿ ನಕ್ಷೆಯನ್ನು ನೆಲದ ಮೇಲೆ ಹಾಸಿ, ಉಗುರಿನಿಂದ ಟಿಕಳಿಗಳನ್ನು ಒಂದೊಂದಾಗಿ ಎಬ್ಬಿಸಿದರಂತೆ. ಕಣ್ಣಾರೆ ಕಂಡವರ ಟಿಕಳಿ ಮಾತ್ರ ಉಳಿಸಿಕೊಂಡು ಹನುಮಪ್ಪನ ಮನೆಗೆ ಬಂದರು. ಆಗ ಕೆಂಪು ಬಹಳ ಕಡಿಮೆಯಾಗಿತ್ತು. ಟಿಕಳಿ ಕಿತ್ತ ಕಡೆ ಕಾಗದದ ಸಿಪ್ಪೆ ಎದ್ದಿತ್ತು. ಹನುಮಪ್ಪ ನೋಡಿ ಹೇಳಿದ, "ಹಚ್ಚಾವ್ರೂ ನೀವ, ಕೀಳಾವ್ರೂ ನೀವ. ನನಗ ಇರಾಕಿ ಒಬ್ಬಾಕಿ ಮಗಳು, ಸರ್." ರೇಣುಕಾ ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಬರಲಿಲ್ಲ.

ಸರ್ ಬಿಡಲಿಲ್ಲ. ಪೂಜಾರಿಯ ಬೆನ್ನು ಹತ್ತಿ ಪೆಟ್ಟಿಗೆಗೆ ಬೀಗ ಹಾಕಿಸಿದರು. ಧಾಬಾದವನ ಬೈಗುಳ ತಿಂದು ಗುಂಡಿ ಮುಚ್ಚಿಸಿದರು. ಜಾಲಿ ಕಡಿಯುವ ದಿನ ಹೆಲ್ಮೆಟ್ ಹಾಕಿಕೊಂಡು ದಾರಿಯ ಮೇಲೇ ಇದ್ದರು. ಆಮೇಲೆ ದಿನಾ ಗಾಡಿಯನ್ನು ತಿರುವಿನಲ್ಲಿ ಬಿಟ್ಟು ನಮ್ಮೂರಿನ ತನಕ ನಡೆದು ಬಂದು, ಊರ ಅಗಸೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊದಲು ನನ್ನ ಅವ್ವ ಕರಗಿದಳು. ನನ್ನನ್ನು ಅವರ ಜೊತೆ ಕಳಿಸಿದಳು. ನನ್ನನ್ನು ನೋಡಿ ಇನ್ನೊಬ್ಬಳು ಬಂದಳು. ತಿಂಗಳು ತುಂಬುವುದರೊಳಗೆ ಐದು ಮಂದಿಯಾದೆವು. ಅಷ್ಟರಲ್ಲಿ ಹನುಮಪ್ಪ ರೇಣುಕಾಳನ್ನು ಕುಷ್ಟಗಿ ಕಡೆಯ ತನ್ನ ಅಕ್ಕನ ಊರಿಗೆ ಕಳಿಸಿಬಿಟ್ಟಿದ್ದ. ಅಲ್ಲಿ ಗುಡ್ಡವಿರಲಿಲ್ಲ. ಅವಳನ್ನು ಶಾಲೆಗೆ ಹಚ್ಚುವವರೂ ಇರಲಿಲ್ಲ. ವಯಸ್ಸು ತುಂಬಿದ ಮೇಲೆ ಆ ಅತ್ತೆಯ ಮಗನಿಗೇ ಕೊಟ್ಟು ಮದುವೆಯಾಯಿತು.

ನಾವು ಐವರೂ ಪಾಸಾದೆವು. ಆ ತಿರುವಿನಲ್ಲಿ ಮುಂದೆ ಯಾರ ಮೈಮೇಲೂ ಕರಡಿ ಬೀಳಲಿಲ್ಲ. ಪಕ್ಕದ ಪಂಚಾಯಿತಿಯವರು ಠರಾವಿನ ನಕಲು ಕೇಳಿ ಒಯ್ದರು. ಮಕ್ಕಳು ಊರಿನ ನಿಯಮ ಬದಲಿಸಿದ ಕತೆಯೆಂದು ಯಾರೋ ಸರ್‌ಗೆ ಶಾಲು ಹೊದಿಸಲು ಬಂದಾಗ ಅವರು ಜ್ವರವೆಂದು ರಜೆ ಹಾಕಿದರು. ಫಲಿತಾಂಶದ ದಿನ ನಾನು ಪೇಢೆ ಕೊಟ್ಟಾಗಲೂ ಅಂಕ ಕೇಳಲಿಲ್ಲ. "ಐದು ಮಂದಿ ಬಂದ್ರಿ," ಎಂದರು, ಅಷ್ಟೇ.

ನಾನೀಗ ಯಲಬುರ್ಗಾದ ಹತ್ತಿರ ಅತಿಥಿ ಶಿಕ್ಷಕಿ. ಮಕ್ಕಳನ್ನು ಹೊರಗೆ ಕರೆದೊಯ್ದಾಗ ತಲೆ ಎಣಿಸುತ್ತೇನೆ, ಮುಗಿಸಿ ಮತ್ತೆ ಎಣಿಸುತ್ತೇನೆ. ಜೊತೆಯವರು ನಗುತ್ತಾರೆ.

ಸರ್ ನಿವೃತ್ತರಾದ ಮೇಲೆ ಗಂಗಾವತಿಯ ಅವರ ಮನೆಗೆ ಹೋಗಿದ್ದೆ. ಅದೇ ಕೊನೆಯ ಭೇಟಿ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಎದೆಯ ತೊಂದರೆಯಿಂದ ಸೊರಗಿದ್ದರು. ಮಂಚದ ಪಕ್ಕ ಗುಳಿಗೆಗಳನ್ನು ಹೊತ್ತಿಗೊಂದರಂತೆ ಚೀಟಿ ಅಂಟಿಸಿ ಜೋಡಿಸಿಟ್ಟಿದ್ದರು. ಹೆಂಡತಿ ಚಹಾ ತಂದುಕೊಟ್ಟು, "ದಿನಕ್ಕ ನಾಕು ಸಲ ಬಾಗಲಾ ಹಾಕೀನೋ ಇಲ್ಲೋ ನೋಡ್ತಾರವ್ವಾ ಇವ್ರು," ಎಂದು ಅವರ ಎದುರಿಗೇ ದೂರಿದರು. ಸರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಮಂಜುಳಾ, ನನ್ನ ಅಂಜಿಕಿ ನನ್ನ ಹತ್ರನ ಇಟ್ಕೋಬೇಕಿತ್ತವ್ವಾ ನಾನು. ಊರಿಗೆಲ್ಲಾ ಹಂಚಿಬಿಟ್ಟೆ. ಆ ಹುಡುಗಿ ಆವತ್ತ ಹೇಳಿದ್ಲು, ಎರಡ ಅದಾವ್ರಿ ಸರ್ ಅಂತ."

ಅದು ನಮ್ಮೆಲ್ಲರ ತಪ್ಪು ಎಂದೆ. ಅವರು ಒಪ್ಪಲಿಲ್ಲ. ರೇಣುಕಾಳನ್ನು ನೋಡಲು ಹೋಗಿದ್ದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹೋಗಿ ಬಾ, ಗೆಳತಿಯರು ನೀವು ಎಂದರು. ಯಲಬುರ್ಗಾದಿಂದ ಕುಷ್ಟಗಿ ಏನು ದೂರ? ಆದರೆ ನಾನು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮುಖ ನೋಡಲು ನನಗೆ ಹೆದರಿಕೆ. ಅವಳು ಬರೆದ ಅರ್ಜಿಯಿಂದ ನಾನು ಓದಿದೆ, ಅವಳು ಓದಲಿಲ್ಲ.

ಈ ಮಳೆಗಾಲದಲ್ಲಿ ಸರ್ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಪಾಠ ಮಾಡುತ್ತಿದ್ದೆ. ಫೋನು ನೋಡಿಕೊಂಡದ್ದು ಸಂಜೆ. ಮಣ್ಣು ಕೊಡುವುದಕ್ಕೂ ಹೋಗಲಾಗಲಿಲ್ಲ. ಆ ಗುಂಪಿನಲ್ಲಿ ರೇಣುಕಾ ಇಲ್ಲ. ಅವಳಿಗೆ ಹೇಳುವವರು ಯಾರು ಎಂದು ಅನ್ನಿಸಿದ್ದು ಎಷ್ಟೋ ದಿನಗಳ ಮೇಲೆ. ಕಾರ್ತಿಕದ ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿಕೊಂಡು ಕುಷ್ಟಗಿ ಬಸ್ಸು ಹತ್ತಿದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಕೂಡಿಸುತ್ತಿದ್ದೆ.

ರೇಣುಕಾ ನನ್ನನ್ನು ಕಂಡು ಹೊಲಿಗೆ ಮಷೀನಿನಿಂದ ಎದ್ದು ಬಂದು ತಬ್ಬಿಕೊಂಡಳು. ಸಿಟ್ಟಿನ ಸುಳಿವೇ ಇರಲಿಲ್ಲ. ಅವಳ ಅತ್ತೆ ಚಹಾ ತಂದುಕೊಟ್ಟು ಬಾಗಿಲಲ್ಲಿ ಕೂತರು. ನಾನು ಬಾಯಿ ತೆರೆಯುವ ಮುಂಚೆ ರೇಣುಕಾಳೇ ಕೇಳಿದಳು.

"ಸರ್ ಹೆಂಗದಾರ? ಈ ವರ್ಷ ಫಾರ್ಮ್ ತಗೊಂಡು ಬರಲಿಲ್ಲಲ್ಲ."

ನನಗೆ ಅರ್ಥವಾಗಲಿಲ್ಲ. ಯಾವ ಫಾರ್ಮು ಎಂದೆ.

"ಹೊರಗಿನಿಂದ ಹತ್ತನೇತ್ತ ಪರೀಕ್ಷೆ ಕಟ್ಟೋ ಫಾರ್ಮ್. ವರ್ಷಾ ತರ್ತಿದ್ರು. ಗಂಗಾವತಿಯಿಂದ ಬಸ್ಸಿನ್ಯಾಗ ಬಂದು, ಇದ ಕಟ್ಟಿ ಮ್ಯಾಲೆ ಕುಂದರ್ತಿದ್ರು. ನಮ್ಮತ್ತಿನ್ನ ಕೇಳ್ತಿದ್ರು. ಅತ್ತಿ ಒಲ್ಲೆ ಅಂದ್ರ, ಆತ್ರಿ, ಬರೂ ವರ್ಷ ಬರ್ತೀನಿ ಅಂತ ನೀರು ಕುಡದು ಹೋಗ್ತಿದ್ರು. ನಿಮಗ್ಯಾರಿಗೂ ಹೇಳಬ್ಯಾಡ ಅಂದಿದ್ರು. ಪಾಸಾದ ಮ್ಯಾಲೆ ಎಲ್ಲಾರಿಗೂ ಹೇಳೂನು ಅಂದಿದ್ರು."

ಬಾಗಿಲಲ್ಲಿ ಕೂತ ಅತ್ತೆ ಸೆರಗು ಸರಿಮಾಡಿಕೊಂಡರು. "ಪಾಪ, ಎಷ್ಟಂತ ಎಡತಾಕ್ಯಾರ ಆ ಮಾಸ್ತರು. ಈ ಸಲ ಹೂಂ ಅನ್ನೂನಂತ ಮಾಡೀನವ್ವಾ. ತಿಂಗಳಾತು, ಇವತ್ತ ಬರ್ತಾರ, ನಾಳೆ ಬರ್ತಾರಂತ ದಾರಿ ನೋಡಾಕತ್ತೀವಿ. ನಿನಗೇನರ ಗೊತ್ತೈತೇನು? ಯಾವಾಗ ಬರ್ತಾರಂತ?"

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.